ತವರಿಗೆ ಬಂದ ಹಕ್ಕಿ, ಸೈಬೀರಿಯಾದ ವಿಳಾಸ: ಜಿಲ್ಲಾ ಪುಟಗಳ ಪಕ್ಷಿವರದಿಗಳ ಕುರಿತು ಒಂದು ವಿಮರ್ಶೆ

ಮಾಯಸಂದ್ರದಿಂದ ತುರುವೇಕೆರೆಯ ಮೂಲಕ ತಿಪಟೂರು, ಚಿಕ್ಕನಾಯಕನಹಳ್ಳಿಗಳವರೆಗೆ ಹಬ್ಬಿರುವ ತೆಂಗಿನ ಸೀಮೆಯು ಪಕ್ಷಿವೀಕ್ಷಕರ ಭೂಪಟದಲ್ಲಿ ಹೆಸರಾಂತ ತಾಣವೇನಲ್ಲ. ರಂಗನತಿಟ್ಟಿನಂತಹ ನಡುಗಡ್ಡೆಗಳಾಗಲಿ, ದಾಂಡೇಲಿಯಂತಹ ಕಾಡಾಗಲಿ ಇಲ್ಲಿಲ್ಲ. ಇರುವುದು ಕೆರೆ, ಏರಿ, ಅಚ್ಚುಕಟ್ಟು, ತೋಟದ ಬೇಲಿ, ಊರಾಚೆಯ ಹುಣಸೆ ಮತ್ತು ಆಲದ ಮರಗಳು. ಹೇಮಾವತಿ ನಾಲೆಯ ನೀರು ಹರಿದ ವರ್ಷ ಕೆರೆಗಳು ತುಂಬುತ್ತವೆ. ತುಂಬಿದ ವರ್ಷ ನೀರುಹಕ್ಕಿಗಳು ನೆರೆಯುತ್ತವೆ. ನೆರೆದ ಹಕ್ಕಿಗಳ ಚಿತ್ರ ಜಿಲ್ಲಾ ಪುಟದಲ್ಲಿ ಅಚ್ಚಾಗುತ್ತದೆ. ಈ ಮೂರನೆಯ ಘಟ್ಟವೇ ಪ್ರಸ್ತುತ ಪ್ರಬಂಧದ ವಿಷಯ. ಕೆರೆಯ ಹಕ್ಕಿಯು ಪತ್ರಿಕೆಯ ಹಕ್ಕಿಯಾಗುವಾಗ ಅದಕ್ಕೆ ಏನಾಗುತ್ತದೆ, ಆ ರೂಪಾಂತರದಲ್ಲಿ ನುಸುಳುವ ತಪ್ಪುಗಳನ್ನು ಪಕ್ಷಿವೀಕ್ಷಕರು ಹೇಗೆ ಗುರುತಿಸುತ್ತ ಬಂದಿದ್ದಾರೆ, ಹಾಗೆ ಗುರುತಿಸುವವರ ಮಾತಿನಲ್ಲಿಯೂ ಯಾವ ಬಗೆಯ ತಪ್ಪುಗಳು ಅಡಗಿವೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಯಾವುದೇ ಒಂದು ಪತ್ರಿಕೆಯನ್ನು ಹೆಸರಿಸಿ ದೂಷಿಸುವುದು ಈ ಬರಹದ ಉದ್ದೇಶವಲ್ಲ. ಇಲ್ಲಿ ಚರ್ಚಿಸುವ ತಪ್ಪುಗಳು ಯಾರೋ ಒಬ್ಬ ವರದಿಗಾರರ ಅಜ್ಞಾನದಿಂದ ಹುಟ್ಟಿದವಲ್ಲ. ಅವು ವರ್ಷವರ್ಷವೂ ಅದೇ ಋತುವಿನಲ್ಲಿ, ಅದೇ ಪದಗಳಲ್ಲಿ, ಬೇರೆಬೇರೆ ಪತ್ರಿಕೆಗಳಲ್ಲಿ ಮರುಕಳಿಸುತ್ತವೆ. ಮರುಕಳಿಸುವ ತಪ್ಪನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಅದು ಒಂದು ರೂಢಿ. ರೂಢಿಯಾದ್ದರಿಂದ ಅದಕ್ಕೊಂದು ವ್ಯಾಕರಣವಿರುತ್ತದೆ. ಪಕ್ಷಿವೀಕ್ಷಕರು ಸಾಮಾನ್ಯವಾಗಿ ತಪ್ಪನ್ನು ತೋರಿಸಿ ಸರಿಯಾದ ಹೆಸರನ್ನು ಹೇಳಿ ಸುಮ್ಮನಾಗುತ್ತಾರೆ. ವಿಮರ್ಶೆಯ ಕೆಲಸ ಅಲ್ಲಿಂದ ಮುಂದೆ ಆರಂಭವಾಗಬೇಕು.

ನಮ್ಮ ಆಲಂಕಾರಿಕರು ಕವಿಸಮಯವೆಂಬ ಪರಿಕಲ್ಪನೆಯನ್ನು ಒಪ್ಪಿಕೊಂಡಿದ್ದರು. ಚಕೋರವು ಬೆಳದಿಂಗಳನ್ನು ಕುಡಿಯುತ್ತದೆ, ಹಂಸವು ಹಾಲನ್ನು ನೀರಿನಿಂದ ಬೇರ್ಪಡಿಸುತ್ತದೆ, ಚಾತಕವು ಮಳೆಹನಿಯನ್ನಲ್ಲದೆ ಬೇರೆ ನೀರನ್ನು ಮುಟ್ಟುವುದಿಲ್ಲ ಎಂಬವು ಲೋಕಸತ್ಯಗಳಲ್ಲವೆಂಬುದು ಕವಿಗೂ ಗೊತ್ತು, ಸಹೃದಯನಿಗೂ ಗೊತ್ತು. ಅದು ಇಬ್ಬರ ನಡುವಿನ ಒಪ್ಪಂದ. ಜಿಲ್ಲಾ ಪುಟಗಳ ನಿಸರ್ಗವರದಿಗಳಲ್ಲಿಯೂ ಇಂತಹ ರೂಢಿಗಳು ಬೆಳೆದುಬಂದಿವೆ. ಅವನ್ನು 'ವರದಿಸಮಯ' ಎಂದು ಕರೆಯಬಹುದು. ಚಳಿಗಾಲದಲ್ಲಿ ಕಾಣುವ ದೊಡ್ಡ ಹಕ್ಕಿ ವಿದೇಶದ್ದು, ವಿದೇಶವೆಂದರೆ ಸೈಬೀರಿಯಾ, ಬಂದದ್ದು ಅತಿಥಿ, ಅತಿಥಿ ಅಪರೂಪದ್ದು. ವ್ಯತ್ಯಾಸವಿರುವುದು ಒಂದೇ ಕಡೆ. ಕವಿಸಮಯದ ಓದುಗ ಅದನ್ನು ನಿಜವೆಂದು ನಂಬಬೇಕಾಗಿಲ್ಲ, ವರದಿಯ ಓದುಗ ನಂಬಲೇಬೇಕು. ನಂಬುವುದಕ್ಕಾಗಿಯೇ ಆತ ಕಾಸು ಕೊಟ್ಟು ಪತ್ರಿಕೆಯನ್ನು ಕೊಂಡಿರುತ್ತಾನೆ.

ಸೈಬೀರಿಯಾ ಎಂಬ ವಿಳಾಸ

ತುಮಕೂರು ಜಿಲ್ಲೆಯ ಮಟ್ಟಿಗೆ ಈ ರೂಢಿಯ ಅತ್ಯುತ್ತಮ ನಿದರ್ಶನವು ಶಿರಾ ತಾಲ್ಲೂಕಿನ ಕಗ್ಗಲಡು. ಊರಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುವ ಈ ಗ್ರಾಮದ ಬಗ್ಗೆ, ಹಾಗೆಯೇ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಬಗ್ಗೆ ಬರುವ ವರದಿಗಳಲ್ಲಿ 'ಸಾವಿರಾರು ಮೈಲಿ ದೂರದ ಸೈಬೀರಿಯಾದಿಂದ' ಎಂಬ ಪದಪುಂಜವು ಎಷ್ಟು ಸಲ ಬಂದಿದೆಯೆಂದರೆ, ಅದಿಲ್ಲದ ವರದಿಯೇ ಓದುಗರಿಗೆ ಅಪೂರ್ಣವೆನಿಸಬಹುದು. ಕೆಲವೆಡೆ ಹಕ್ಕಿಯ ಹೆಸರೇ 'ಸೈಬೀರಿಯನ್ ಕೊಕ್ಕರೆ' ಎಂದಾಗಿರುವುದೂ ಉಂಟು.

ಬಣ್ಣದ ಕೊಕ್ಕರೆಯು ದಕ್ಷಿಣ ಏಷ್ಯಾ ಮತ್ತು ಆಗ್ನೇಯ ಏಷ್ಯಾದ ಹಕ್ಕಿ. ಸೈಬೀರಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ನೀರು ಮತ್ತು ಮೀನಿನ ಲಭ್ಯತೆಗೆ ತಕ್ಕಂತೆ ಅದು ನಾಡಿನೊಳಗೇ ಅತ್ತಿತ್ತ ಸಂಚರಿಸುತ್ತದೆ. ಈ ಸಂಗತಿಯನ್ನು ತಿಳಿಯಲು ಗ್ರಂಥಗಳನ್ನು ಶೋಧಿಸಬೇಕಾದ ಅಗತ್ಯವೂ ಇಲ್ಲ, ವರದಿಯಲ್ಲಿಯೇ ಉತ್ತರವಿರುತ್ತದೆ. ಉತ್ತರದ ಶೀತಪ್ರದೇಶಗಳಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳು ಇಲ್ಲಿ ಗೂಡು ಕಟ್ಟುವುದಿಲ್ಲ. ಅವು ಬರುವುದು ಆಹಾರಕ್ಕಾಗಿ. ಮರಿ ಮಾಡುವುದು ಹಿಂದಿರುಗಿದ ಮೇಲೆ, ತಮ್ಮ ಬೇಸಿಗೆಯ ನೆಲೆಯಲ್ಲಿ. ಮಾರ್ಚ್-ಏಪ್ರಿಲ್ ವೇಳೆಗೆ ಅವುಗಳಲ್ಲಿ ಬಹುಪಾಲು ಹೊರಟುಹೋಗುತ್ತವೆ. ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲಿ ಗೂಡಿನ ಮರಗಳಿಗೆ ಸೇರಿ, ಬೇಸಿಗೆಯ ಉದ್ದಕ್ಕೂ ಮರಿಗಳನ್ನು ಬೆಳೆಸಿ, ಮುಂಗಾರಿನ ಹೊತ್ತಿಗೆ ಚದುರುತ್ತವೆ. 'ಸೈಬೀರಿಯಾದಿಂದ ಬಂದು ಇಲ್ಲಿ ಸಂತಾನಾಭಿವೃದ್ಧಿ ಮಾಡಿಕೊಂಡು ಹಿಂದಿರುಗುತ್ತವೆ' ಎಂಬ ವಾಕ್ಯದ ಪೂರ್ವಾರ್ಧವನ್ನು ಅದರ ಉತ್ತರಾರ್ಧವೇ ಸುಳ್ಳು ಮಾಡುತ್ತದೆ. ಅದನ್ನು ಬರೆದವರೂ ತಿದ್ದಿದವರೂ ಆ ವಿರೋಧವನ್ನು ಕಾಣದಿರುವುದೇ ರೂಢಿಯ ಬಲವನ್ನು ತೋರಿಸುತ್ತದೆ.

ಸೈಬೀರಿಯನ್ ಕ್ರೇನ್ ಎಂಬ ಹಕ್ಕಿ ಬೇರೆಯೇ ಇದೆ. ಅದು ಕೊಕ್ಕರೆಯ ಕುಲದ್ದಲ್ಲ, ಸಾರಸದ ಕುಲದ್ದು. ಬಿಳಿಯ ಮೈ, ಕೆಂಪು ಮುಖ, ರೆಕ್ಕೆಯ ತುದಿಯಲ್ಲಿ ಕಪ್ಪು. ಸಾರಸಗಳು ನೆಲದ ಮೇಲೆ, ಜೌಗಿನಲ್ಲಿ ಗೂಡು ಮಾಡುವವು. ಸೈಬೀರಿಯನ್ ಕ್ರೇನ್ ಹುಣಸೆಮರದ ಕೊಂಬೆಯ ಮೇಲೆ ಕೂರುವುದಂತೂ ಸಾಧ್ಯವಿಲ್ಲ. ಭಾರತದಲ್ಲಿ ಅದರ ಕೊನೆಯ ನೆಲೆಯಾಗಿದ್ದದ್ದು ರಾಜಸ್ಥಾನದ ಭರತಪುರದ ಕೇವಲಾದೇವ್. ಅಲ್ಲಿಯೂ 2001-02ರ ಚಳಿಗಾಲದ ನಂತರ ಅದು ಬರಲಿಲ್ಲ. ಹೀಗೆ ಭಾರತಕ್ಕೆ ಬರುವುದನ್ನೇ ನಿಲ್ಲಿಸಿದ ಹಕ್ಕಿಯೊಂದು ಕನ್ನಡದ ವರದಿಗಳಲ್ಲಿ ಮಾತ್ರ ಪ್ರತಿ ವರ್ಷವೂ ಬರುತ್ತಲೇ ಇತ್ತು.

ಈ ವಿಳಾಸ ಎಲ್ಲಿಂದ ಬಂತು? ಭರತಪುರದ ಕೀರ್ತಿಯು ಶಾಲಾಪಾಠಗಳಿಂದಲೂ ಸುದ್ದಿಸಂಸ್ಥೆಗಳ ಬರಹಗಳಿಂದಲೂ ದೇಶದಾದ್ಯಂತ ಹರಡಿತ್ತು ಎಂಬುದು ಒಂದು ಕಾರಣವಿರಬಹುದು. ಭಾಷಾಂತರದ ಪಾತ್ರವೂ ಇದೆಯೆಂದು ನನ್ನ ಊಹೆ. ನಮ್ಮ ದೇಶದ ಇಂಗ್ಲಿಷಿನಲ್ಲಿ 'ಕ್ರೇನ್' ಎಂಬ ಮಾತು ಗದ್ದೆಯ ಬೆಳ್ಳಕ್ಕಿಯಿಂದ ಹಿಡಿದು ಉದ್ದಕಾಲಿನ ಯಾವ ಹಕ್ಕಿಗಾದರೂ ಸಲ್ಲುತ್ತದೆ. ಕನ್ನಡದಲ್ಲಿ ಅದು ಕೊಕ್ಕರೆಯಾಗುತ್ತದೆ. ಕೊಕ್ಕರೆಯು ಮರಳಿ ಇಂಗ್ಲಿಷಿಗೆ ಹೋಗುವಾಗ ಕ್ರೇನ್ ಆಗುತ್ತದೆ. ಕ್ರೇನ್ ಎಂದೊಡನೆ ನೆನಪಿಗೆ ಬರುವ ವಿಶೇಷಣ ಸೈಬೀರಿಯನ್. ಎರಡು ಭಾಷೆಗಳ ನಡುವೆ ಒಮ್ಮೆ ಹೋಗಿಬರುವಷ್ಟರಲ್ಲಿ ಹಕ್ಕಿಯ ಕುಲವೂ ನಾಡೂ ಬದಲಾಗಿರುತ್ತವೆ.

ಇದರಿಂದ ಆದ ಹಾನಿಯಾದರೂ ಏನು ಎಂಬ ಪ್ರಶ್ನೆ ಸಹಜ. ಕೊಕ್ಕರೆಬೆಳ್ಳೂರಿನ ಜನ ಈ ಹಕ್ಕಿಗಳನ್ನು ಹೆರಿಗೆಗಾಗಿ ತವರಿಗೆ ಬರುವ ಹೆಣ್ಣುಮಕ್ಕಳೆಂದು ಹೇಳಿಕೊಂಡು ಬಂದಿದ್ದಾರೆಂಬುದು ಪ್ರಸಿದ್ಧ ಸಂಗತಿ. ಇದನ್ನು ಜಾನಪದ ಭಾವುಕತೆಯೆಂದು ಉಲ್ಲೇಖಿಸಿ ಮುಂದಿನ ಸಾಲಿನಲ್ಲೇ ಸೈಬೀರಿಯಾವನ್ನು ತರುವ ಬರಹಗಳಿವೆ. ಆದರೆ ಪಕ್ಷಿಶಾಸ್ತ್ರದ ದೃಷ್ಟಿಯಿಂದ ಸರಿಯಾದುದು ಹಳ್ಳಿಯವರ ಮಾತು. ಹಕ್ಕಿ ಹುಟ್ಟುವುದು ಇಲ್ಲಿ. ಮರಿ ಮಾಡಲು ಮರಳುವುದು ಇಲ್ಲಿಗೆ. ತವರು ಎಂಬ ಪದಕ್ಕಿಂತ ನಿಖರವಾದ ಪಾರಿಭಾಷಿಕ ಪದ ಕನ್ನಡದಲ್ಲಿ ದೊರೆಯುವುದು ಕಷ್ಟ. ಓದುಬರಹ ಬಲ್ಲ ಪತ್ರಿಕೆಯು ಹಳ್ಳಿಗರ ವೀಕ್ಷಣೆಯನ್ನು ಅಲಂಕಾರವೆಂದು ಬಗೆದು, ತನ್ನ ಅಲಂಕಾರವನ್ನು ವೀಕ್ಷಣೆಯೆಂದು ಅಚ್ಚುಹಾಕಿತು.

ಅತಿಥಿ ಮತ್ತು ಮಗಳು ಎಂಬ ಎರಡು ರೂಪಕಗಳಿಂದ ಎರಡು ಬಗೆಯ ಹೊಣೆಗಳು ಹುಟ್ಟುತ್ತವೆ. ಅತಿಥಿಯನ್ನು ಬಂದಾಗ ಉಪಚರಿಸಿದರೆ ಸಾಕು. ಹೊರಟಮೇಲೆ ಅವರ ಊಟದ ಚಿಂತೆ ನಮ್ಮದಲ್ಲ. ಬಣ್ಣದ ಕೊಕ್ಕರೆಯು ಗೂಡಿನ ಕಾಲ ಮುಗಿದ ಮೇಲೆ ಸೈಬೀರಿಯಾಕ್ಕೆ ಹೋಗುವುದಿಲ್ಲ. ಆಳವಿಲ್ಲದ ನೀರಿನಲ್ಲಿ ಕೊಕ್ಕನ್ನು ಅರೆತೆರೆದು ಮೀನನ್ನು ಸ್ಪರ್ಶದಿಂದಲೇ ಹಿಡಿಯುತ್ತ ನಾಡಿನ ಕೆರೆಗಳಲ್ಲೇ ಇರುತ್ತದೆ. ಕೆರೆಯಂಚಿನ ಆಳವಿಲ್ಲದ ಭಾಗವನ್ನು ಒತ್ತುವರಿ ಮಾಡಿದರೆ, ಅಥವಾ ಹೂಳೆತ್ತುವ ಹೆಸರಿನಲ್ಲಿ ಇಡೀ ಕೆರೆಯನ್ನು ಕಡಿದಾದ ಅಂಚಿನ ಬಾವಿಯಂತೆ ಮಾಡಿದರೆ, ಕಗ್ಗಲಡುವಿನ ಹುಣಸೆಮರಗಳನ್ನು ಎಷ್ಟೇ ಜೋಪಾನವಾಗಿ ಕಾದರೂ ಫಲವಿಲ್ಲ. ಹಕ್ಕಿಗಳಿಗಾಗಿ ಹುಣಸೆಯ ಫಸಲಿನಲ್ಲಿ ನಷ್ಟ ಸಹಿಸುವವರು ಆ ಗ್ರಾಮಸ್ಥರು. ಅವರ ತ್ಯಾಗವನ್ನು ಸಾರ್ಥಕಗೊಳಿಸಬೇಕಾದವರು ದೂರದ ಕೆರೆಗಳ ಅಚ್ಚುಕಟ್ಟಿನವರು. ಈ ಸಂಬಂಧವನ್ನು 'ಸೈಬೀರಿಯಾ' ಎಂಬ ಒಂದು ಪದ ಸಂಪೂರ್ಣವಾಗಿ ಅಳಿಸಿಬಿಡುತ್ತದೆ.

ರೋಗದ ಸಂದರ್ಭದಲ್ಲಿ ಇದು ಇನ್ನಷ್ಟು ಗಂಭೀರ. 2017ರ ಕೊನೆಯಿಂದ 2018ರವರೆಗೆ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಪರೀಕ್ಷೆಯಲ್ಲಿ ಕಂಡುಬಂದದ್ದು ಪರಾವಲಂಬಿ ಹುಳುಗಳ ಬಾಧೆ. ಅಂತಹ ಹುಳುಗಳು ಹಕ್ಕಿಯ ಹೊಟ್ಟೆ ಸೇರುವುದು ಅದು ತಿನ್ನುವ ಮೀನಿನ ಮೂಲಕ. ವಿಚಾರಣೆಯಾಗಬೇಕಾದದ್ದು ಸುತ್ತಮುತ್ತಲಿನ ನೀರು. ಹಕ್ಕಿಯು ಹೊರದೇಶದ್ದೆಂದು ನಂಬಿದ ಓದುಗ ರೋಗವೂ ಹೊರದೇಶದ್ದೆಂದೇ ನಂಬುತ್ತಾನೆ. 2020ರ ಮಾರ್ಚಿನಲ್ಲಿ ಮೈಸೂರಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಂತಹ ಸಂದರ್ಭಗಳಲ್ಲಿ ಆ ನಂಬಿಕೆಯು ಗೂಡಿನ ಮರಗಳ ಕಡೆಗೆ ತಿರುಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ.

ಹಾಗಾದರೆ ನಮ್ಮ ಸೀಮೆಗೆ ದೂರದ ಹಕ್ಕಿಗಳು ಬರುವುದೇ ಇಲ್ಲವೇ? ಧಾರಾಳವಾಗಿ ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಮೈಸೂರು ಬಳಿಯ ಹದಿನಾರು ಕೆರೆಗೂ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದವು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿರುವುದರಿಂದ ಇದಕ್ಕೆ ಕಣ್ಣಾರೆ ಕಂಡ ಆಧಾರವಿದೆ. ಕೊರಳಪಟ್ಟಿಯ ಅಕ್ಷರಗಳನ್ನು ಗುರುತಿಸಿ ಬರೆದ ವರದಿಗಳು ಈ ವರ್ಗದ ಬರಹಗಳಲ್ಲಿ ಮೇಲ್ಮಟ್ಟದವು. ಆದರೆ ನಿಜವಾದ ವಿಪರ್ಯಾಸವಿರುವುದು ತೆಂಗಿನ ತೋಟದ ಬೇಲಿಯಲ್ಲಿ. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಮಾಯಸಂದ್ರದ ಯಾವ ಬೇಲಿಯ ಬಳಿ ನಿಂತರೂ 'ಚಕ್ ಚಕ್' ಎಂದು ಕಲ್ಲು ಕುಟ್ಟಿದಂತೆ ದನಿಮಾಡುವ, ಕಂದು ಬಣ್ಣದ, ಗುಬ್ಬಿಗಿಂತ ಸಣ್ಣ ಹಕ್ಕಿಯೊಂದು ಪೊದೆಯೊಳಗೆ ಅಡ್ಡಾಡುತ್ತಿರುತ್ತದೆ. ಅದು ಬ್ಲೈತ್ ಎಂಬ ಪ್ರಾಣಿಶಾಸ್ತ್ರಜ್ಞನ ಹೆಸರಿನಲ್ಲಿ ಕರೆಯಲಾಗುವ ಜೊಂಡು ಉಲಿಯಕ್ಕಿ. ಮೇಲೆ ಹುಣಸೆ, ಹೊಂಗೆಯ ಎಲೆಗಳ ನಡುವೆ ಹುಳ ಆಯುವ ಹಸುರು ಉಲಿಯಕ್ಕಿ ಇನ್ನೊಂದು. ಇವೆರಡರ ಸಂತಾನನೆಲೆಗಳು ಪೂರ್ವ ಯುರೋಪಿನಿಂದ ಸೈಬೀರಿಯಾದವರೆಗೆ ಹಬ್ಬಿವೆ. ಸೈಬೀರಿಯಾದ ಹಕ್ಕಿಯನ್ನು ಹುಡುಕುವ ಛಾಯಾಗ್ರಾಹಕ ಅದನ್ನು ದಾಟಿಕೊಂಡೇ ಕೆರೆಯ ಕಡೆಗೆ ಹೋಗುತ್ತಾನೆ. ಹತ್ತು ಗ್ರಾಂ ತೂಕದ ಕಂದು ಹಕ್ಕಿಯ ಚಿತ್ರ ಪತ್ರಿಕೆಯಲ್ಲಿ ಶೋಭಿಸುವುದಿಲ್ಲ ಎಂಬುದನ್ನೂ ಒಪ್ಪಬೇಕು.

ಹೆಸರುಗಳ ಗೊಂದಲ

ಹೆಸರುಗಳ ವಿಷಯದಲ್ಲಿ ವರದಿಗಾರರನ್ನು ಪೂರ್ತಿಯಾಗಿ ದೂರಲಾಗದು. ಬೆಳ್ಳಕ್ಕಿ, ಬಕ, ಕೊಕ್ಕರೆ, ಸಾರಸಗಳನ್ನು ಬಿಡಿಸಿ ನೋಡುವ ಅಭ್ಯಾಸ ಆಡುಮಾತಿನಲ್ಲಿಯೂ ಸಡಿಲವಾಗಿದೆ. ಹಾರುವಾಗ ಕತ್ತನ್ನು ಮಡಿಸಿಕೊಳ್ಳುವುದು ಬೆಳ್ಳಕ್ಕಿ ಮತ್ತು ಬಕ. ಚಾಚಿಕೊಳ್ಳುವುದು ಕೊಕ್ಕರೆ ಮತ್ತು ಸಾರಸ. ಇಷ್ಟನ್ನು ತಿಳಿದರೆ ಅರ್ಧ ಗೊಂದಲ ಪರಿಹಾರವಾದೀತು. ಜುಟ್ಟು ಬಿಚ್ಚಿ ನೆಲ ಕೆದಕುವ ಚಂದ್ರಮುಕುಟವು ಚಿತ್ರದ ಅಡಿಬರಹದಲ್ಲಿ ಮರಕುಟಿಗವಾಗುವುದು ಬಹು ಹಳೆಯ ತಪ್ಪು. ರಾಜ್ಯಪಕ್ಷಿಯಾದ ನೀಲಕಂಠದ, ಅಂದರೆ ದಾಸಮಗರೆಯ ಜಾಗದಲ್ಲಿ ಬಿಳಿ ಎದೆಯ ಮಿಂಚುಳ್ಳಿಯ ಚಿತ್ರ ಬರುವುದುಂಟು. ಇಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ: ನೀಲಕಂಠದ ಕಂಠ ನೀಲಿಯಲ್ಲ, ರೆಕ್ಕೆಗಳು ನೀಲಿ. ಹೆಸರನ್ನು ನಂಬಿ ನೀಲಿ ಹಕ್ಕಿಯನ್ನು ಹುಡುಕಿದ ಉಪಸಂಪಾದಕನಿಗೆ ಮಿಂಚುಳ್ಳಿ ಸಿಕ್ಕಿದರೆ ಅದು ಕ್ಷಮಾರ್ಹ.

ಕ್ಷಮಾರ್ಹವಲ್ಲದ ಗೊಂದಲ ಹದ್ದು ಮತ್ತು ರಣಹದ್ದುಗಳದ್ದು. ಊರಿನ ಕಸದ ಗುಡ್ಡೆಯ ಮೇಲೆ, ಮೀನುಮಾರುಕಟ್ಟೆಯ ಮೇಲೆ ಗುಂಪಾಗಿ ತಿರುಗುವುದು ಕಂದುಬಣ್ಣದ ಸಾಮಾನ್ಯ ಹದ್ದು. ರಣಹದ್ದು ಬೇರೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕವು ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ, ಮೂತ್ರಪಿಂಡ ಕೆಟ್ಟು, ಭಾರತದ ರಣಹದ್ದುಗಳು ಕೆಲವೇ ವರ್ಷಗಳಲ್ಲಿ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ನಾಶವಾದವು. ಪಶುವೈದ್ಯಕೀಯದಲ್ಲಿ ಆ ಔಷಧವನ್ನು 2006ರಲ್ಲಿ ನಿಷೇಧಿಸಲಾಯಿತು. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸುವ ಮಟ್ಟಿಗೆ ಅವು ವಿರಳವಾದವು. ಇಂತಹ ಹೊತ್ತಿನಲ್ಲಿ 'ಪಟ್ಟಣದಲ್ಲಿ ರಣಹದ್ದುಗಳ ಹಾವಳಿ' ಎಂಬ ಅರ್ಥದ ಶೀರ್ಷಿಕೆ ಅಚ್ಚಾದರೆ ಅದು ಕೇವಲ ಪದದೋಷವಲ್ಲ. ಅಳಿವಿನಂಚಿನ ಹಕ್ಕಿಯೊಂದು ಹೇರಳವಾಗಿದೆಯೆಂಬ ದಾಖಲೆ ಅದು.

ಅದೇ ಹಕ್ಕಿಯ ಬಗ್ಗೆ ತದ್ವಿರುದ್ಧ ದಿಕ್ಕಿನ ತಪ್ಪೂ ಸಂಭವಿಸಿದೆ. 2024ರ ನವೆಂಬರಿನಲ್ಲಿ ಕಾರವಾರದಲ್ಲಿ ಬೆನ್ನಿನ ಮೇಲೆ ಸಾಧನ ಹೊತ್ತ ರಣಹದ್ದೊಂದು ಕಂಡಾಗ ಮೊದಲು ಸುದ್ದಿಯಾದದ್ದು ಬೇಹುಗಾರಿಕೆಯ ಶಂಕೆ. ಅದು ಮಹಾರಾಷ್ಟ್ರದ ತಾಡೋಬಾ ಹುಲಿ ಸಂರಕ್ಷಿತ ಪ್ರದೇಶದ ಅಧ್ಯಯನಕ್ಕಾಗಿ ಅಳವಡಿಸಿದ ಸಾಧನವೆಂಬ ಸ್ಪಷ್ಟನೆ ಬಂತು. ಶಂಕೆಯ ಶೀರ್ಷಿಕೆಯನ್ನು ಓದಿದವರೆಲ್ಲರೂ ಸ್ಪಷ್ಟನೆಯನ್ನೂ ಓದಿದರೆಂದು ಹೇಳಲು ಬರುವುದಿಲ್ಲ.

'ಅಪರೂಪ' ಎಂಬ ವಿಶೇಷಣ

ತೆಂಗಿನ ಸೀಮೆಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ರೂಢಿಯನ್ನು ಇಲ್ಲಿ ಗಮನಿಸಬೇಕು. ಹಳೆಯ ಮನೆಯ ಅಟ್ಟದಲ್ಲೋ ದೇವಾಲಯದ ಗೋಪುರದಲ್ಲೋ ಶಾಲೆಯ ಮಾಡಿನಲ್ಲೋ ಹೃದಯಾಕಾರದ ಬಿಳಿ ಮುಖದ ಹಕ್ಕಿಮರಿಗಳು ಸಿಕ್ಕಾಗ 'ವಿಚಿತ್ರ ಪಕ್ಷಿ ಪತ್ತೆ', 'ಅಪರೂಪದ ವಿದೇಶಿ ಗೂಬೆ' ಎಂಬ ಬಗೆಯ ವರದಿಗಳು ಬರುತ್ತವೆ. ಸುತ್ತ ಜನ ನೆರೆದ, ಹಕ್ಕಿಯನ್ನು ರೆಕ್ಕೆ ಬಿಡಿಸಿ ಹಿಡಿದ ಚಿತ್ರವೂ ಇರುತ್ತದೆ. ಅದು ಕಣಜ ಗೂಬೆ. ಅಪರೂಪದ್ದೂ ಅಲ್ಲ, ವಿದೇಶದ್ದೂ ಅಲ್ಲ. ಕಣಜ ಎಂಬ ಹೆಸರೇ ಅದು ಎಷ್ಟು ಕಾಲದಿಂದ ನಮ್ಮ ಮನೆಗಳ ಆಸುಪಾಸಿನಲ್ಲಿದೆ ಎಂಬುದನ್ನು ಸೂಚಿಸುತ್ತದೆ. ಹಗಲು ಮರೆಯಲ್ಲಿದ್ದು ಇರುಳಿನಲ್ಲಿ ಹಾರುವುದರಿಂದ ಅದು ಕಾಣುವುದು ಕಡಿಮೆ. ಕಾಣುವುದು ಕಡಿಮೆಯೆಂದರೆ ಇರುವುದು ಕಡಿಮೆಯೆಂದಲ್ಲ.

ತೆಂಗಿನ ಬೆಳೆಗಾರನಿಗೆ ಇಲಿಯ ಕಾಟದ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಸುಳಿಯಲ್ಲೇ ಗೂಡು ಮಾಡಿಕೊಂಡು, ಎಳೆಯ ಕಾಯಿಗೆ ತೊಟ್ಟಿನ ಬಳಿ ತೂತು ಕೊರೆದು, ಒಂದಾದ ಮೇಲೊಂದು ಉದುರಿಸುವ ಇಲಿಗೆ ಮರದ ಎತ್ತರದಲ್ಲಿ ಇರುಳು ಹೊತ್ತು ಇರುವ ಶತ್ರುಗಳಲ್ಲಿ ಮುಖ್ಯವಾದುದು ಕಣಜ ಗೂಬೆ. ಮಲೇಷಿಯಾದ ತಾಳೆಎಣ್ಣೆ ತೋಟಗಳಲ್ಲಿ ಇದೇ ಗೂಬೆಗೆ ಪೆಟ್ಟಿಗೆಗಳನ್ನು ನೆಟ್ಟು ಇಲಿಗಳನ್ನು ಹತೋಟಿಗೆ ತರುವ ಪದ್ಧತಿ ದಶಕಗಳಿಂದಿದೆ. ನಮ್ಮಲ್ಲಿಯೋ ಗೂಬೆ ಮೊದಲೇ ಅಪಶಕುನ. ಅದಕ್ಕೆ 'ವಿಚಿತ್ರ' ಎಂಬ ವಿಶೇಷಣವೂ ಸೇರಿದರೆ ಅದನ್ನು ಮನೆಯಿಂದ ಓಡಿಸಲು ಇನ್ನೊಂದು ಕಾರಣ ಸಿಕ್ಕಂತಾಗುತ್ತದೆ. ಕೃಷಿಪುಟದಲ್ಲಿ ಇಲಿಪಾಷಾಣದ ಸಲಹೆ, ಜಿಲ್ಲಾ ಪುಟದಲ್ಲಿ ವಿಚಿತ್ರ ಹಕ್ಕಿಯ ಸುದ್ದಿ. ಒಂದೇ ಸಂಚಿಕೆಯ ಎರಡು ಪುಟಗಳಿಗೆ ಪರಸ್ಪರ ಪರಿಚಯವಿರುವುದಿಲ್ಲ. ತೋಟದ ಯಜಮಾನನೇ ಓದುಗನಾಗಿರುವ ಸೀಮೆಯಲ್ಲಿ ಈ ಅಪರಿಚಯಕ್ಕೆ ತೆರುವ ಬೆಲೆಯನ್ನು ಉದುರಿದ ಕಾಯಿಗಳಲ್ಲಿ ಲೆಕ್ಕ ಹಾಕಬಹುದು.

ಉಳಿದ ಕೆಲವು ರೂಢಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ತೆಂಗಿನ ಗರಿಗೆ, ಈಚಲಿಗೆ ತೂಗುವ ಗೀಜಗನ ಗೂಡಿನ ಚಿತ್ರವು ಮಾರ್ಚ್ 20ರ ಗುಬ್ಬಚ್ಚಿ ದಿನದಂದು ಗುಬ್ಬಚ್ಚಿಯ ಗೂಡಾಗಿ ಪ್ರಕಟವಾಗುತ್ತದೆ. 'ತಾಯಿಹಕ್ಕಿಯ ಕೌಶಲ' ಎಂಬ ಅಡಿಬರಹವೂ ತಪ್ಪು. ಗೂಡನ್ನು ನೇಯುವುದು ಗಂಡು, ಒಪ್ಪುವುದೋ ಬಿಡುವುದೋ ಹೆಣ್ಣಿನ ಆಯ್ಕೆ. ಗುಬ್ಬಚ್ಚಿ ಅಳಿಯುತ್ತಿದೆ, ಮೊಬೈಲ್ ಗೋಪುರಗಳೇ ಕಾರಣ ಎಂಬುದು ಎಷ್ಟೋ ವರ್ಷ ನಿಸ್ಸಂದಿಗ್ಧ ಸತ್ಯವಾಗಿ ಅಚ್ಚಾಯಿತು. 2020ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು ದೊಡ್ಡ ನಗರಗಳಲ್ಲಿ ಇಳಿಕೆಯಿದ್ದರೂ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿಯ ಸಂಖ್ಯೆ ಬಹುಮಟ್ಟಿಗೆ ಸ್ಥಿರವಾಗಿದೆಯೆಂದು ಹೇಳಿತು. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ನ್ಯಾಯಾಧೀಶರೊಬ್ಬರು ಹೆಣ್ಣು ನವಿಲು ಗಂಡಿನ ಕಣ್ಣೀರಿನಿಂದ ಗರ್ಭ ಧರಿಸುತ್ತದೆಂದು ಹೇಳಿದಾಗ ದೇಶವೆಲ್ಲ ನಕ್ಕಿತು. ನವಿಲು ಬೇಲಿ ದಾಟಿ ಬರುವ ತೆಂಗಿನ ಸೀಮೆಯಲ್ಲಿ ಅದನ್ನು ನಂಬಿದವರು ಯಾರೂ ಇರಲಾರರು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಕುನೋಗೆ ಚೀತಾಗಳು ಬಂದಾಗ ಚೀತಾ ಮತ್ತು ಚಿರತೆ ಎಂಬ ಎರಡು ಪದಗಳು ಒಂದರ ಜಾಗದಲ್ಲಿ ಇನ್ನೊಂದು ನುಸುಳಿದವು. ಚಿರತೆಯ ಭಯದಲ್ಲಿ ಸಂಜೆಗೇ ತೋಟದಿಂದ ಮನೆ ಸೇರುವ ತುಮಕೂರು ಜಿಲ್ಲೆಯ ಓದುಗನಿಗೆ 'ಭಾರತದಲ್ಲಿ ಅಳಿದುಹೋಗಿದ್ದ ಚಿರತೆ' ಎಂಬ ಮಾತು ಹೇಗೆ ಕೇಳಿಸಿರಬಹುದು!

ತಿದ್ದುವವರ ತಪ್ಪುಗಳು

ಇಷ್ಟನ್ನು ಹೇಳಿದ ಮೇಲೆ ಪಕ್ಷಿವೀಕ್ಷಕರ ಕಡೆಗೂ ತಿರುಗುವುದು ನ್ಯಾಯ. ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ದೀರ್ಘ ಪರಂಪರೆಯಿದೆ. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಯನ್ನು ನಡೆಸಿದರು. ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಸಲಹೆಯಂತೆ, 1940ರಲ್ಲಿ. ಕನ್ನಡದಲ್ಲಿ ಶಿವರಾಮ ಕಾರಂತರೂ ಪೂರ್ಣಚಂದ್ರ ತೇಜಸ್ವಿಯವರೂ ಈ ಜ್ಞಾನವನ್ನು ಸಾಮಾನ್ಯ ಓದುಗರಿಗೆ ತಲುಪಿಸಿದರು. ತುಮಕೂರಿನಲ್ಲಿ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನಂತಹ ಸಂಘಟನೆ ಬೆಳೆಯಿತು. ಆದರೂ ಈ ವಲಯದ ಬರಹಗಳಲ್ಲಿ ಒಂದು ರೂಢಿ ಪತ್ರಿಕೆಯವರ ರೂಢಿಯಷ್ಟೇ ಗಟ್ಟಿಯಾಗಿದೆ. ಅದು 'ಪತ್ತೆ'ಯ ರೂಢಿ. ಕೊಕ್ಕರೆಬೆಳ್ಳೂರನ್ನು 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಪತ್ತೆ ಹಚ್ಚಿದರು, ಕಗ್ಗಲಡುವನ್ನು 1999ರಲ್ಲಿ ತುಮಕೂರಿನ ಪಕ್ಷಿವೀಕ್ಷಕರು ಪತ್ತೆ ಹಚ್ಚಿದರು ಎಂದು ಬರೆಯಲಾಗುತ್ತದೆ. ಅವರು ಮಾಡಿದ ಕೆಲಸ ದೊಡ್ಡದು. ಆ ತಾಣಗಳು ಹೊರಜಗತ್ತಿಗೆ ತಿಳಿದು ರಕ್ಷಣೆ ದೊರೆತದ್ದು ಅವರಿಂದಲೇ. ಆದರೆ ಊರಿನ ಹೆಸರಿನಲ್ಲಿಯೇ ಕೊಕ್ಕರೆಯಿರುವಾಗ ಪತ್ತೆಯಾದದ್ದು ಯಾರಿಗೆ? ಹಿತ್ತಲ ಹುಣಸೆಯ ಮೇಲೆ ಗೂಡು ನೋಡಿಕೊಂಡೇ ಬೆಳೆದವರಿಗೆ ಆ ಪದ ಸಲ್ಲುವುದಿಲ್ಲ. ವಾಸ್ತವದ ತಪ್ಪೆಂದರೆ ಇದೂ ವಾಸ್ತವದ ತಪ್ಪೇ.

ಚಾತಕದ ವಿಷಯವೂ ಇಂಥದೇ. ಮುಂಗಾರಿನ ಮೊದಲಲ್ಲಿ ಆಫ್ರಿಕದಿಂದ ಚಾತಕ ಬಂತು ಎಂಬ ಟಿಪ್ಪಣಿಗಳನ್ನು ಪತ್ರಿಕೆಗಳಿಗೆ ಒದಗಿಸುವವರು ಬಹುಮಟ್ಟಿಗೆ ಪಕ್ಷಿಪ್ರಿಯರೇ. ಮಧ್ಯ ಮತ್ತು ಉತ್ತರ ಭಾರತದ ಮಟ್ಟಿಗೆ ಆ ಮಾತು ಸರಿ. ದಕ್ಷಿಣ ಭಾರತದ ಚಾತಕವು ಬೇರೆ ಉಪಪ್ರಭೇದಕ್ಕೆ ಸೇರಿದ್ದು, ಬಹುಮಟ್ಟಿಗೆ ಇಲ್ಲಿಯೇ ನೆಲೆಸಿರುವಂಥದು. ಆಫ್ರಿಕವು ಇಲ್ಲಿ ಸೈಬೀರಿಯಾದ ಪಾತ್ರವನ್ನೇ ವಹಿಸುತ್ತದೆ. ಮಾಯಸಂದ್ರದ ಪೊದೆಯಲ್ಲಿ ಕಂಡ ಚಾತಕವನ್ನು ನೋಡಿ ಅದು ಎಲ್ಲಿಯದೆಂದು ನಿಶ್ಚಯಿಸುವ ಮುನ್ನ ಬೇಸಿಗೆಯಲ್ಲಿ ಅದೇ ಪೊದೆಯನ್ನು ನೋಡಿರಬೇಕು.

ಭಾಷೆಯ ಪ್ರಶ್ನೆಯೂ ಇದೆ. ಪಕ್ಷಿವೀಕ್ಷಕರ ಪಟ್ಟಿಗಳೂ ಟಿಪ್ಪಣಿಗಳೂ ಬಹುಕಾಲ ಇಂಗ್ಲಿಷಿನಲ್ಲೇ ಇದ್ದವು. ಕನ್ನಡದ ಹೆಸರು ಕೇಳಿದ ವರದಿಗಾರನಿಗೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಪುಸ್ತಕದ ಹೆಸರು ಊರಿನವರಿಗೆ ತಿಳಿಯುವುದಿಲ್ಲ, ಊರಿನ ಹೆಸರು ಪುಸ್ತಕದಲ್ಲಿರುವುದಿಲ್ಲ. ತೇನೆಹಕ್ಕಿ ಎಂದರೆ ತೋಟದವನಿಗೆ ಗೊತ್ತು, ಟಿಟ್ಟಿಭ ಎಂದರೆ ಗೊತ್ತಿಲ್ಲ. ತಿದ್ದುಪಡಿಯ ಪತ್ರ ಬರೆಯುವವರು 'ಟಿಟ್ಟಿಭ'ವನ್ನು ಸರಿಯೆಂದೂ 'ತೇನೆಹಕ್ಕಿ'ಯನ್ನು ತಪ್ಪೆಂದೂ ಸಾಧಿಸಹೊರಟರೆ ಅದು ಪಕ್ಷಿಶಾಸ್ತ್ರವಾಗುವುದಿಲ್ಲ. ತಪ್ಪು ಹೆಸರು ಬೇರೆ, ಬೇರೆ ಹೆಸರು ಬೇರೆ.

ಪತ್ರದ ಧಾಟಿಯ ಬಗ್ಗೆಯೂ ಒಂದು ಮಾತು. ಹೋಬಳಿ ಮಟ್ಟದ ಸುದ್ದಿಗಾರರಲ್ಲಿ ಅನೇಕರು ಅರೆಕಾಲಿಕರು. ಬೆಳಿಗ್ಗೆ ಪಂಚಾಯಿತಿ ಸಭೆ, ಮಧ್ಯಾಹ್ನ ಅಪಘಾತ, ಸಂಜೆ ಕೊಬ್ಬರಿ ಧಾರಣೆ ಬರೆಯುವವರು. ಕೆರೆಯ ಹಕ್ಕಿಯ ಚಿತ್ರವನ್ನು ಅವರು ಕಳುಹಿಸುವುದು ಅದನ್ನು ನೋಡಿದ ಸಂತೋಷದಿಂದ. ಅದಕ್ಕೆ ಅಪಹಾಸ್ಯದ ಉತ್ತರ ಸಿಕ್ಕಿದರೆ ಮುಂದಿನ ವರ್ಷ ತಪ್ಪು ಕಡಿಮೆಯಾಗುವ ಬದಲು ಚಿತ್ರವೇ ಬರುವುದಿಲ್ಲ. ಜಿಲ್ಲಾ ಪುಟದ ತಪ್ಪುಗಳನ್ನು ವರ್ಷಗಟ್ಟಲೆ ಗುರುತು ಹಾಕಿಕೊಂಡು ಓದಿದ ನನಗೆ, ತಪ್ಪು ಅಡಿಬರಹವಿದ್ದರೂ ಚಿತ್ರ, ಊರು, ದಿನಾಂಕಗಳಿರುವ ಸುದ್ದಿಯೊಂದು ಹಲವು ಸಲ ಅಮೂಲ್ಯವೆನಿಸಿದೆ. ಹೆಸರನ್ನು ಚಿತ್ರದಿಂದ ತಿದ್ದಬಹುದು. ಬಾರದ ಚಿತ್ರದಿಂದ ಏನನ್ನೂ ತಿದ್ದಲಾಗದು.

ಪತ್ರಿಕೆಗಳ ಕಡೆಯಿಂದ ಆಗಬೇಕಾದದ್ದು ತಿದ್ದುಪಡಿಗೆ ಗೊತ್ತಾದ ಸ್ಥಳ. ಓದುಗರ ದೂರುಗಳನ್ನು ಪರಿಶೀಲಿಸಲು ಪ್ರತ್ಯೇಕ ಸಂಪಾದಕರನ್ನು ನೇಮಿಸುವ ಪದ್ಧತಿಯನ್ನು 'ದಿ ಹಿಂದೂ' 2006ರಲ್ಲಿ ಆರಂಭಿಸಿತು. ಜಿಲ್ಲಾ ಪುಟಗಳ ಮಟ್ಟಕ್ಕೆ ಅಂತಹ ವ್ಯವಸ್ಥೆ ಇಳಿಯುವುದು ಕಷ್ಟ. ವ್ಯಕ್ತಿಯ ಹೆಸರು ತಪ್ಪಾದರೆ ಮರುದಿನ ವಿಷಾದ ಪ್ರಕಟವಾಗುತ್ತದೆ. ಹಕ್ಕಿಯ ಹೆಸರು ತಪ್ಪಾದರೆ ವಿಷಾದಿಸಬೇಕಾದವರು ಯಾರೂ ದೂರು ಕೊಡಲು ಬರುವುದಿಲ್ಲ.

ಈ ಸಂಪುಟದ ಓದುಗರಿಗೆ, ವಿಶೇಷವಾಗಿ ಗ್ರಂಥಾಲಯಗಳಿಗೆ, ಸಂಬಂಧಿಸಿದ ಅಂಶವೊಂದು ಉಳಿದಿದೆ. ಪ್ರಾದೇಶಿಕ ಇತಿಹಾಸ ಬರೆಯುವವರು ಪತ್ರಿಕಾ ತುಣುಕುಗಳನ್ನು ಆಕರವಾಗಿ ಬಳಸುತ್ತಾರೆ. ಪರಿಸರದ ಇತಿಹಾಸ ಬರೆಯುವವರು ಇನ್ನೂ ಹೆಚ್ಚಾಗಿ ಬಳಸಬೇಕಾಗುತ್ತದೆ. ಏಕೆಂದರೆ ತುರುವೇಕೆರೆ ತಾಲ್ಲೂಕಿನ ಒಂದು ಕೆರೆಯಲ್ಲಿ ಇಂತಹ ವರ್ಷ ಇಂತಹ ಹಕ್ಕಿಗಳಿದ್ದವು ಎಂಬುದಕ್ಕೆ ಎಷ್ಟೋ ಸಲ ಬೇರೆ ದಾಖಲೆಯೇ ಇರುವುದಿಲ್ಲ. ಐವತ್ತು ವರ್ಷಗಳ ನಂತರದ ಸಂಶೋಧಕರೊಬ್ಬರು ನಮ್ಮ ಕಾಲದ ತುಣುಕುಗಳನ್ನು ಮಾತ್ರ ನಂಬಿದರೆ, ಸೈಬೀರಿಯಾದ ಸಾರಸಗಳು ಶಿರಾದ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತಿದ್ದವು, ರಣಹದ್ದುಗಳು ಪಟ್ಟಣಗಳ ಮೇಲೆ ಹಿಂಡುಹಿಂಡಾಗಿ ತಿರುಗುತ್ತಿದ್ದವು, ಕಣಜ ಗೂಬೆ ಎಲ್ಲಿಂದಲೋ ಒಮ್ಮೊಮ್ಮೆ ಬಂದು ಹೋಗುತ್ತಿತ್ತು ಎಂದೇ ಬರೆಯಬೇಕಾದೀತು. ಈ ವರದಿಗಳನ್ನು ಅಲ್ಲಗಳೆದ ಬರಹಗಳೂ ಅವೇ ಪತ್ರಿಕೆಗಳ ವಾಚಕರ ವಾಣಿಯಲ್ಲಿ ಕೆಲವೊಮ್ಮೆ ಪ್ರಕಟವಾಗಿವೆ. ಆದರೆ ತುಣುಕು ಕತ್ತರಿಸಿ ವಿಷಯವಾರು ಕಡತಕ್ಕೆ ಅಂಟಿಸುವಾಗ ವರದಿಯನ್ನು 'ಪಕ್ಷಿ' ಎಂಬ ಶೀರ್ಷಿಕೆಯಡಿ ಇಡುವ ಕೈ, ಹತ್ತು ದಿನಗಳ ನಂತರ ಬಂದ ಆರು ಸಾಲಿನ ಪತ್ರವನ್ನು ಕತ್ತರಿಸುವುದು ವಿರಳ. ವರದಿಯ ಪಕ್ಕದಲ್ಲಿ ಆ ಪತ್ರಕ್ಕೂ ಒಂದಿಷ್ಟು ಜಾಗ ಬಿಡುವ ಕೆಲಸವನ್ನು ಜಿಲ್ಲಾ ಕೇಂದ್ರ ಗ್ರಂಥಾಲಯಗಳು ಯಾವ ಹೆಚ್ಚಿನ ವೆಚ್ಚವೂ ಇಲ್ಲದೆ ಕೈಗೊಳ್ಳಬಹುದು.